ಲೆಕ್ಕದ ರಾಶಿ ದೊಡ್ಡದಾದರೆ ಸಾಕೇ?



‘ಬಿಗ್ ಡೇಟಾ’ ಎಂಬ ಮಾತು ಪಟ್ಟಣದ ಕಚೇರಿಗಳನ್ನು ದಾಟಿ ಈಗ ಹಳ್ಳಿಯ ಜಗಲಿಗೂ ಬಂದಿದೆ. ಬಿತ್ತನೆಗೆ ಯಾವ ದಿನ ಒಳ್ಳೆಯದು, ಯಾವ ಗೊಬ್ಬರ ಎಷ್ಟು ಹಾಕಬೇಕು, ತೊಗರಿಯ ಧಾರಣೆ ಮುಂದೆ ಏರುವುದೋ ಇಳಿಯುವುದೋ, ಇವೆಲ್ಲವನ್ನೂ ಯಂತ್ರವೇ ಲೆಕ್ಕ ಹಾಕಿ ನಿಮ್ಮ ಮೊಬೈಲಿಗೆ ತಿಳಿಸುತ್ತದೆ ಎಂದು ಹೇಳುವವರು ದಿನೇ ದಿನೇ ಹೆಚ್ಚುತ್ತಿದ್ದಾರೆ. ಕೆಲವರು ಇದನ್ನು ಪೂರ್ತಿಯಾಗಿ ನಂಬುತ್ತಾರೆ. ಕೆಲವರು ‘ಅದೆಲ್ಲ ಬರೀ ಬುರುಡೆ’ ಎಂದು ತಳ್ಳಿಹಾಕುತ್ತಾರೆ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲವನ್ನೂ ಕೈಯಿಂದ ಹಾಕುವವರು ನೀವು. ಸಂದೇಶ ತಪ್ಪಾದರೆ ಅದನ್ನು ಕಳುಹಿಸಿದವರ ಗಂಟೇನೂ ಹೋಗುವುದಿಲ್ಲ. ಆದುದರಿಂದ ಈ ವಸ್ತು ಎಷ್ಟರ ಮಟ್ಟಿಗೆ ಹೊಗಳಿಕೆಗೆ ತಕ್ಕದ್ದು, ಎಲ್ಲಿ ಅದನ್ನು ನಂಬಬಹುದು, ಎಲ್ಲಿ ಎಚ್ಚರವಿರಬೇಕು ಎಂಬುದನ್ನು ನೀವೇ ತೂಗಿ ನೋಡುವುದು ಒಳ್ಳೆಯದು.

ಡೇಟಾ ಎಂದರೆ ಮತ್ತೇನೂ ಅಲ್ಲ, ಲೆಕ್ಕ, ದಾಖಲೆ, ಅಂಕಿ ಅಂಶ. ಶಾನುಭೋಗರ ಕಾಲದ ಪುಸ್ತಕವೂ ಡೇಟಾವೇ. 2000ನೆಯ ಇಸವಿಯ ಆಸುಪಾಸಿನಲ್ಲಿ ನಮ್ಮ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದವು. ಆದರೆ ಬಿಗ್ ಡೇಟಾ ಎನ್ನುವುದು ಇದಕ್ಕಿಂತಲೂ ಬೇರೆ ಜಾತಿಯದು. ಯಾರೂ ಕುಳಿತು ಬರೆಯಬೇಕಾಗಿಲ್ಲ, ತಾನಾಗಿಯೇ ಸೇರುತ್ತಾ ಹೋಗುತ್ತದೆ. ಒಂದು ಉದಾಹರಣೆ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ 6,500ಕ್ಕೂ ಮೇಲ್ಪಟ್ಟು ಮಳೆಮಾಪಕಗಳನ್ನು ನೆಟ್ಟಿದೆ. ಒಂದೊಂದೂ 15 ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕಾದ್ದು. ಎಲ್ಲವೂ ಸರಿಯಾಗಿ ನಡೆದರೆ ದಿನವೊಂದಕ್ಕೆ 6 ಲಕ್ಷಕ್ಕೂ ಹೆಚ್ಚು ಲೆಕ್ಕವಾಯಿತು. ಇದರ ಮೇಲೆ ಆಕಾಶದಲ್ಲಿ ಸುತ್ತುವ ಉಪಗ್ರಹ ತೆಗೆದ ಚಿತ್ರಗಳು, ನೀವು ಮೊಬೈಲಿನಲ್ಲಿ ಹುಡುಕಿದ ಮಾತುಗಳು, ಅಂಗಡಿಯಲ್ಲಿ ಫೋನಿನಿಂದ ಕೊಟ್ಟ ಹಣ, ಮಾರುಕಟ್ಟೆಗೆ ಬಂದ ಆವಕ, ಇವೆಲ್ಲ ಸೇರಿದರೆ ಆಗುವ ರಾಶಿಯನ್ನು ಮನುಷ್ಯನು ಓದಿ ಮುಗಿಸಲಾರ. ಕಂಪ್ಯೂಟರೇ ಅದನ್ನು ಕೆದಕಿ, ಯಾವುದರ ಜೊತೆ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಹುಡುಕುತ್ತದೆ.

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಿ. ಮಳೆಮಾಪಕವನ್ನು ನೆಟ್ಟದ್ದು ಮಳೆ ಅಳೆಯಲಿಕ್ಕೆ. ಆದರೆ ನೀವು ಮೊಬೈಲಿನಲ್ಲಿ ಏನನ್ನೋ ಹುಡುಕಿದ್ದು ನಿಮ್ಮ ಸ್ವಂತ ಕೆಲಸಕ್ಕೆ. ಯಾವುದೋ ಕೆಲಸಕ್ಕೆ ಹುಟ್ಟಿದ ಲೆಕ್ಕವನ್ನು ಇನ್ನಾವುದೋ ಕೆಲಸಕ್ಕೆ ದುಡಿಸಲು ಹೋದಾಗಲೇ ಹೆಚ್ಚಿನ ಎಡವಟ್ಟುಗಳು ಆಗಿರುವುದು.

2008ರಲ್ಲಿ ಅಮೆರಿಕದ ‘ವೈರ್ಡ್’ ಎಂಬ ಪತ್ರಿಕೆಯ ಸಂಪಾದಕರಾದ ಕ್ರಿಸ್ ಆಂಡರ್ಸನ್ ಎಂಬವರು ಒಂದು ಲೇಖನ ಬರೆದರು. ಲೆಕ್ಕ ಸಾಕಷ್ಟು ಸೇರಿದರೆ ಕಾರಣ ಹುಡುಕುವ ಶ್ರಮವೇ ಬೇಡ, ಎರಡು ಸಂಗತಿಗಳು ಒಟ್ಟೊಟ್ಟಿಗೆ ನಡೆಯುತ್ತವೆ ಎಂದು ಗೊತ್ತಾದರೆ ಅಷ್ಟೇ ಸಾಕು ಎಂಬುದು ಅದರ ತಾತ್ಪರ್ಯ. ಅದೇ ವರ್ಷ ಈ ಮಾತಿಗೆ ಸಾಕ್ಷಿಯೋ ಎಂಬಂತೆ ಗೂಗಲ್ ಕಂಪನಿ ಒಂದು ಹೊಸ ಕೆಲಸಕ್ಕೆ ಕೈಹಾಕಿತು. ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಮೆರಿಕದಲ್ಲಿ ಚಳಿಗಾಲ ಬಂತೆಂದರೆ ಫ್ಲೂ ಜ್ವರ ಹರಡುತ್ತದೆ. ಎಷ್ಟು ಜನ ಆ ಜ್ವರವೆಂದು ವೈದ್ಯರ ಬಳಿ ಹೋದರು ಎಂಬುದನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಲೆಕ್ಕ ಹಾಕುತ್ತದೆ. ಆಸ್ಪತ್ರೆಗಳಿಂದ ವರದಿ ಬಂದು ಕೂಡಿಸುವ ಹೊತ್ತಿಗೆ ಒಂದೆರಡು ವಾರ ಕಳೆದಿರುತ್ತದೆ. ಜ್ವರ ಬಂದವರು ವೈದ್ಯರ ಬಳಿ ಹೋಗುವ ಮೊದಲೇ ಗೂಗಲಿನಲ್ಲಿ ‘ಕೆಮ್ಮು’, ‘ಜ್ವರಕ್ಕೆ ಔಷಧಿ’ ಎಂದು ಹುಡುಕುತ್ತಾರಲ್ಲವೇ? ಆ ಹುಡುಕಾಟವನ್ನು ಎಣಿಸಿದರೆ ಜ್ವರದ ಸುದ್ದಿ ಅದೇ ದಿನ ತಿಳಿಯುತ್ತದೆ ಎಂದು ಕಂಪನಿಯವರು ಯೋಚಿಸಿದರು. ಜನ ಹೆಚ್ಚಾಗಿ ಹುಡುಕುವ 5 ಕೋಟಿ ಮಾತುಗಳನ್ನು ತೆಗೆದುಕೊಂಡು, ಹಿಂದಿನ ವರ್ಷಗಳ ಜ್ವರದ ಲೆಕ್ಕಕ್ಕೆ ಯಾವುದು ಹೊಂದುತ್ತದೆ ಎಂದು ಯಂತ್ರದಿಂದ ಜರಡಿ ಹಿಡಿಸಿ, 45 ಮಾತುಗಳನ್ನು ಆರಿಸಿದರು. ಹಳೆಯ ವರ್ಷಗಳಿಗೆ ಅದು ಬಹಳ ಚೆನ್ನಾಗಿ ಕೂಡಿಬಂತು. 2009ರಲ್ಲಿ ‘ನೇಚರ್’ ಎಂಬ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೋಕವೆಲ್ಲ ಬೆರಗಾಯಿತು.

ಮುಂದೆ ಆದದ್ದೇನು? ಅದೇ 2009ರ ವಸಂತದಲ್ಲಿ ಹಂದಿಜ್ವರವೆಂದು ಹೆಸರಾದ ಹೊಸ ಫ್ಲೂ ಬಂದಾಗ ಈ ಲೆಕ್ಕ ಅದನ್ನು ಸರಿಯಾಗಿ ಹಿಡಿಯಲಿಲ್ಲ. ಚಳಿಗಾಲದ ಜ್ವರವನ್ನು ಮಾತ್ರ ಕಲಿತಿದ್ದ ಯಂತ್ರಕ್ಕೆ ಅಕಾಲದ ಜ್ವರ ಗೊತ್ತಾಗಲಿಲ್ಲ. ತಿದ್ದುಪಡಿ ಮಾಡಿದರು. ಆಗ ತಪ್ಪು ಇನ್ನೊಂದು ಕಡೆಗೆ ವಾಲಿತು. 2011ರ ಆಗಸ್ಟಿನಿಂದ ಮುಂದಿನ 108 ವಾರಗಳ ಪೈಕಿ 100 ವಾರಗಳಲ್ಲಿ ಅದು ಇದ್ದದ್ದಕ್ಕಿಂತ ಹೆಚ್ಚು ಜ್ವರ ತೋರಿಸಿತು. 2012-13ರ ಚಳಿಗಾಲದಲ್ಲಂತೂ ಸರಿಸುಮಾರು ಇಮ್ಮಡಿ. ಡೇವಿಡ್ ಲೇಜರ್ ಮತ್ತು ಅವರ ಸಂಗಡಿಗರು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನೆಲ್ಲ ಬಿಡಿಸಿ ಬರೆದರು. 2015ರಲ್ಲಿ ಕಂಪನಿ ಆ ಲೆಕ್ಕವನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು.

ತಪ್ಪಿಗೆ ಕಾರಣಗಳನ್ನು ತಿಳಿಯುವುದು ಮುಖ್ಯ. ಜ್ವರದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಆರೋಗ್ಯವಾಗಿರುವವರೂ ಹೆದರಿ ಹುಡುಕುತ್ತಾರೆ. ಕಂಪನಿಯವರೇ ತಮ್ಮ ಹುಡುಕುಯಂತ್ರದ ಪದ್ಧತಿಯನ್ನು ಆಗಾಗ ಬದಲಾಯಿಸುತ್ತಿದ್ದರು, ಅದರಿಂದ ಜನ ಒತ್ತುವ ಮಾತುಗಳೂ ಬದಲಾದವು. ಇನ್ನೊಂದು ತಮಾಷೆಯ ಸಂಗತಿ ಉಂಟು. ಮೊದಲ ಜರಡಿಯಲ್ಲಿ ಶಾಲೆಯ ಬಾಸ್ಕೆಟ್‌ಬಾಲ್ ಆಟದ ಹುಡುಕಾಟವೂ ಜ್ವರಕ್ಕೆ ಹೊಂದಿಬಿಟ್ಟಿತ್ತು! ಆ ಆಟ ನಡೆಯುವುದೂ ಚಳಿಗಾಲದಲ್ಲೇ. ಅವರೆಕಾಯಿ ಬಂದಾಗಲೆಲ್ಲ ಮಕ್ಕಳಿಗೆ ನೆಗಡಿ ಬರುತ್ತದೆಂದು ಅವರೆಕಾಯಿಯನ್ನೇ ದೂರಿದ ಹಾಗಾಯಿತು. ಅದನ್ನು ಕೈಯಿಂದ ಆರಿಸಿ ಬಿಸಾಡಬೇಕಾಯಿತು. 5 ಕೋಟಿ ಸಂಗತಿಗಳನ್ನು ಒಂದಕ್ಕೊಂದು ತಾಳೆ ನೋಡಿದರೆ ಆಕಸ್ಮಿಕವಾಗಿ ಹೊಂದುವವು ಬೇಕಾದಷ್ಟು ಸಿಗುತ್ತವೆ. ರಾಶಿ ದೊಡ್ಡದಾದಷ್ಟೂ ಇಂಥ ಜೊಳ್ಳೂ ಹೆಚ್ಚು.

ಎಲ್ಲಕ್ಕಿಂತ ಗಮನಿಸಬೇಕಾದ ಮಾತು ಇದು. ಸರ್ಕಾರಿ ಸಂಸ್ಥೆಯ ಎರಡು ಮೂರು ವಾರ ಹಳೆಯ ಲೆಕ್ಕವನ್ನೇ ಇಟ್ಟುಕೊಂಡು ಮುಂದಿನದನ್ನು ಅಂದಾಜು ಮಾಡಿದ್ದರೂ ಗೂಗಲಿನ ಲೆಕ್ಕಕ್ಕಿಂತ ಸರಿಯಾಗಿ ಬರುತ್ತಿತ್ತು ಎಂದು ಆ ಪಂಡಿತರು ತೋರಿಸಿದರು. ಎರಡನ್ನೂ ಸೇರಿಸಿದರೆ ಇನ್ನೂ ಚೆನ್ನ ಎಂದೂ ತೋರಿಸಿದರು. ಹಾಗಾಗಿ ಹೊಸ ರಾಶಿ ನಿಷ್ಪ್ರಯೋಜಕವೆಂದಲ್ಲ. ಹಳೆಯ, ನಿಧಾನವಾದ, ಅಳೆದು ಬರೆದ ಲೆಕ್ಕವನ್ನು ಬಿಟ್ಟು ಅದೊಂದನ್ನೇ ನೆಚ್ಚಿದ್ದು ತಪ್ಪಾಯಿತು.

ಇಂಥ ಮೋಹ ಹೊಸದೇನೂ ಅಲ್ಲ. 1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಯ ಮುಂಚೆ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಒಂದು ಕೋಟಿ ಜನಕ್ಕೆ ಚೀಟಿ ಕಳುಹಿಸಿತು. 23 ಲಕ್ಷಕ್ಕೂ ಮೇಲ್ಪಟ್ಟು ಚೀಟಿಗಳು ತುಂಬಿ ವಾಪಸು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದವರು ರೂಸ್ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ! ಜಾರ್ಜ್ ಗ್ಯಾಲಪ್ ಎಂಬವರು ಅದಕ್ಕಿಂತ ಎಷ್ಟೋ ಕಡಮೆ ಜನರನ್ನು ಕೇಳಿ ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದ್ದರು. ಪತ್ರಿಕೆಯವರು ಹೆಸರುಗಳನ್ನು ಆರಿಸಿದ್ದು ಟೆಲಿಫೋನು ಪಟ್ಟಿ, ಮೋಟಾರು ಕಾರು ಇಟ್ಟವರ ಪಟ್ಟಿ ಮುಂತಾದವುಗಳಿಂದ. ಆ ಕಷ್ಟದ ದಿನಗಳಲ್ಲಿ ಕಾರು, ಟೆಲಿಫೋನು ಇದ್ದವರು ಉಳ್ಳವರು. ಬಡವರ ಮಾತು ರಾಶಿಗೆ ಸೇರಲೇ ಇಲ್ಲ. ಚೀಟಿ ಬಂದವರಲ್ಲಿಯೂ ಮುಕ್ಕಾಲು ಪಾಲು ಜನ ಉತ್ತರ ಬರೆಯಲಿಲ್ಲ. ಇಂದು ಸ್ಮಾರ್ಟ್‌ಫೋನಿನಿಂದ ಬಂದ ಲೆಕ್ಕವನ್ನು ‘ರೈತರ ಲೆಕ್ಕ’ ಎಂದು ಯಾರಾದರೂ ಹೇಳಿದರೆ ಇದನ್ನು ನೆನೆಯಿರಿ. ಆ ಫೋನು ಇಲ್ಲದ ಒಣಭೂಮಿಯ ಸಣ್ಣ ಹಿಡುವಳಿದಾರ ಅದರಲ್ಲಿ ಇದ್ದಾನೆಯೇ ಎಂದು ಕೇಳಿರಿ.

ನಮ್ಮ ದೇಶದಲ್ಲಿಯೂ ಇದಕ್ಕೆ ಒಂದು ನಿದರ್ಶನವಿದೆ, ಅದೂ ಬೆಳೆಯದೇ. 1940ರ ದಶಕದ ನಡುವೆ ಬಂಗಾಳದ ಸೆಣಬಿನ ಬೆಳೆ ಎಷ್ಟು ಎಂದು ತಿಳಿಯಲು ಎರಡು ಲೆಕ್ಕಗಳು ನಡೆದವು. ಒಂದರಲ್ಲಿ ಸರ್ಕಾರದ ನೌಕರರು ಒಂದನ್ನೂ ಬಿಡದೆ ಹೊಲದಿಂದ ಹೊಲಕ್ಕೆ ಹೋಗಿ ಬರೆದರು. ಇನ್ನೊಂದರಲ್ಲಿ ಪ್ರೊಫೆಸರ್ ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಚೀಟಿ ಎತ್ತಿದಂತೆ ಕೆಲವೇ ಹೊಲಗಳನ್ನು ಆರಿಸಿ, ಚೆನ್ನಾಗಿ ಕಲಿತ ಸ್ವಲ್ಪ ಜನರಿಂದ ಅಳೆಸಿದರು. ವ್ಯಾಪಾರದ ಕಡೆಯಿಂದ ಕೊನೆಗೆ ತಿಳಿದ ಮೊತ್ತ ಸುಮಾರು 75 ಲಕ್ಷ 60 ಸಾವಿರ ಬೇಲು. ಮಹಲನೋಬಿಸರ ಲೆಕ್ಕ 75 ಲಕ್ಷ 40 ಸಾವಿರ. ಒಂದೂ ಬಿಡದೆ ಬರೆದ ಲೆಕ್ಕವೋ, 63 ಲಕ್ಷ ಚಿಲ್ಲರೆ! ಖರ್ಚಿನಲ್ಲಿಯೂ ಆರಿಸಿ ಅಳೆದದ್ದು ಹತ್ತರಲ್ಲೊಂದು ಪಾಲಿನಷ್ಟೇ. ಅವಸರದಲ್ಲಿ ಸಾವಿರಾರು ಕೈ ಬರೆದ ಪುಸ್ತಕಕ್ಕಿಂತ ಜಾಗ್ರತೆಯಿಂದ ಅಳೆದ ನಾಲ್ಕು ಹೊಲ ಮೇಲು.

ಈ ಪದ್ಧತಿಯೇ ಇಂದಿಗೂ ನಿಮ್ಮ ಬೆಳೆ ವಿಮೆಯ ಹಣವನ್ನು ತೀರ್ಮಾನಿಸುತ್ತಿದೆ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಮುಖ್ಯ ಬೆಳೆಗೆ ಕಡೆಯ ಪಕ್ಷ 4 ಬೆಳೆ ಕಟಾವು ಪ್ರಯೋಗ ನಡೆಯಬೇಕು. ಲಾಟರಿಯಂತೆ ಆರಿಸಿದ ಸರ್ವೆ ನಂಬರಿನಲ್ಲಿ ಹಗ್ಗ ಹಿಡಿದು ಒಂದು ತುಂಡು ಗುರುತಿಸಿ, ಕೊಯ್ದು, ಬಡಿದು, ತೂಗುತ್ತಾರೆ. ಆ ನಾಲ್ಕು ತುಂಡುಗಳ ತೂಕ ಇಡೀ ಪಂಚಾಯಿತಿಯ ವಿಮೆದಾರರ ಭಾಗ್ಯ. ‘ಪೈರು ಸೊಂಪಾಗಿರುವ ಕಡೆ ಹಿಡಿಯಿರಿ’ ಎಂದು ಅಭಿಮಾನದಿಂದ ಹಗ್ಗ ಎಳೆಸಿದವನು ಊರಿಗೆಲ್ಲ ನಷ್ಟ ಮಾಡಿದ ಹಾಗೆ. ಒಣಗಿದ ಮೂಲೆಗೆ ಎಳೆಸುವುದೂ ಮೋಸವೇ. ಗುರುತು ಎಲ್ಲಿ ಬಿತ್ತೋ ಅಲ್ಲಿಯೇ ಕೊಯ್ಯಬೇಕು. ಕಟಾವಿನ ದಿನ ಹೋಗಿ ನಿಂತು ನೋಡಿರಿ. 2023ರ ಮುಂಗಾರಿನಿಂದ ಭತ್ತಕ್ಕೆ ಉಪಗ್ರಹ ಮುಂತಾದ ತಂತ್ರಗಳ ಲೆಕ್ಕಕ್ಕೂ 100ಕ್ಕೆ 30ರಷ್ಟು ತೂಕ ಕೊಡುವ ಪದ್ಧತಿಯನ್ನು ಕೇಂದ್ರ ಸರ್ಕಾರ ತಂದಿದೆ. ಹಗ್ಗ ಎಳೆಯುವವರ ಮೇಲೆ ಇದೊಂದು ಒಳ್ಳೆಯ ಕಾವಲು. ಆದರೆ ಉಪಗ್ರಹ ನೋಡುವುದು ಹಸಿರನ್ನು, ತೂಗುವುದು ತಕ್ಕಡಿ. ತಕ್ಕಡಿಯ ಲೆಕ್ಕ ಸರಿಯಿದ್ದರೆ ಮಾತ್ರ ಉಪಗ್ರಹದ ಲೆಕ್ಕವನ್ನು ಒರೆಗೆ ಹಚ್ಚಬಹುದು.

ಹಾಗಾದರೆ ದೊಡ್ಡ ಲೆಕ್ಕದಿಂದ ನಿಜವಾದ ಉಪಕಾರ ಎಲ್ಲಿಯೂ ಆಗಿಲ್ಲವೇ? ಆಗಿದೆ, ಅದೂ ಸಾಮಾನ್ಯವಾದದ್ದಲ್ಲ. 1999ರ ಅಕ್ಟೋಬರಿನಲ್ಲಿ ಒಡಿಶಾ ತೀರಕ್ಕೆ ಚಂಡಮಾರುತ ಬಡಿದಾಗ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಭಾರಿ ಚಂಡಮಾರುತ ಅದೇ ತೀರಕ್ಕೆ ಬಂತು. ಅದರ ದಾರಿ ಮೊದಲೇ ತಿಳಿದಿದ್ದರಿಂದ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರು ಕೆಲವು ಹತ್ತು ಜನ ಮಾತ್ರ. ಆಶ್ರಯದ ಕಟ್ಟಡಗಳನ್ನು ಕಟ್ಟಿದವರು, ಮನೆಮನೆಗೆ ಹೋಗಿ ಜನರನ್ನು ಎಬ್ಬಿಸಿದವರು, ಇವರ ಪಾಲೂ ಇದರಲ್ಲಿದೆ. ಆದರೆ ಮುನ್ಸೂಚನೆ ಇಲ್ಲದಿದ್ದರೆ ಎಬ್ಬಿಸುವುದು ಯಾವಾಗ?

ಜ್ವರದಲ್ಲಿ ಸೋತ ವಿದ್ಯೆ ಗಾಳಿಮಳೆಯಲ್ಲಿ ಗೆದ್ದದ್ದು ಹೇಗೆ? ಹವಾಮಾನದವರು ಮಳೆಯನ್ನು ಅಳೆಯಲೆಂದೇ ಅಳೆಯುತ್ತಾರೆ. ಲೋಕದಾದ್ಯಂತ ಒಂದೇ ಹೊತ್ತಿಗೆ, ನಮ್ಮ ಗಡಿಯಾರದ ಪ್ರಕಾರ ಮುಂಜಾನೆ 5-30ರ ಮತ್ತು ಸಂಜೆ 5-30ರ ಲೆಕ್ಕಕ್ಕೆ, ಬಲೂನುಗಳು ಏರುತ್ತವೆ. ಗಾಳಿ ಹೇಗೆ ಚಲಿಸುತ್ತದೆ, ಹಬೆ ಹೇಗೆ ಮಳೆಯಾಗುತ್ತದೆ ಎಂಬ ಶಾಸ್ತ್ರ ಮೊದಲೇ ಗೊತ್ತಿದೆ. ರಾಶಿಯನ್ನು ಆ ಶಾಸ್ತ್ರದ ಒಳಗೆ ಹಾಕಿ ಬೇಯಿಸುತ್ತಾರೆ. ಇನ್ನೂ ಮುಖ್ಯವಾದದ್ದು, ಇಂದು ಹೇಳಿದ್ದು ಸರಿಯೋ ತಪ್ಪೋ ಎಂಬುದು ನಾಳೆ ಆಕಾಶವೇ ಹೇಳಿಬಿಡುತ್ತದೆ. ದಿನವೂ ತಪ್ಪು ಗೊತ್ತಾಗಿ ದಿನವೂ ತಿದ್ದಿಕೊಂಡು ಬಂದ ವಿದ್ಯೆ ಅದು. ಹತ್ತು ವರ್ಷಕ್ಕೊಂದು ದಿನದಂತೆ ಮುನ್ಸೂಚನೆಯ ದೂರ ಬೆಳೆದಿದೆ. ಹಾಗೆಂದು ಕೆರೆಯ ಈಚೆ ದಡದ ಮಳೆ ಆಚೆ ದಡಕ್ಕೂ ಬಿತ್ತೆಂದು ಅದು ಹೇಳಲಾರದು. ಪಂಚಾಯಿತಿಗೊಂದು ಮಾಪಕವಿದ್ದರೂ ನಿಮ್ಮ ಹೊಲದ ಹದ ತಿಳಿಯಬೇಕಾದರೆ ಒಂದು ಹಿಡಿ ಮಣ್ಣನ್ನು ನೀವೇ ಹಿಸುಕಿ ನೋಡಬೇಕು.

ಬಿತ್ತನೆಯ ಸಂದೇಶದ ವಿಚಾರಕ್ಕೆ ಬರೋಣ. 2016ರ ಜೂನಿನಲ್ಲಿ ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ, ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯೂ ಮೈಕ್ರೋಸಾಫ್ಟ್ ಕಂಪನಿಯೂ ಸೇರಿ 175 ಕಡಲೆಕಾಯಿ ಬೆಳೆಗಾರರಿಗೆ ಸಾಮಾನ್ಯ ಫೋನಿಗೇ ತೆಲುಗಿನಲ್ಲಿ ಸಂದೇಶ ಕಳುಹಿಸಿದವು. ವಾಡಿಕೆಯಂತೆ ಜೂನ್ ಮೊದಲಲ್ಲಿ ಬಿತ್ತಬೇಡಿ, ತಿಂಗಳ ಕೊನೆಯ ವಾರದವರೆಗೆ ತಡೆಯಿರಿ ಎಂಬುದು ಸಲಹೆ. ಕೇಳಿದವರಿಗೆ 100ಕ್ಕೆ 30ರಷ್ಟು ಹೆಚ್ಚು ಇಳುವರಿ ಬಂತೆಂದು ಆ ಸಂಸ್ಥೆಗಳು ವರದಿ ಮಾಡಿದವು. ಮರುವರ್ಷ ಆಂಧ್ರ ಮತ್ತು ಕರ್ನಾಟಕದ 3,000ಕ್ಕೂ ಹೆಚ್ಚು ರೈತರಿಗೆ ವಿಸ್ತರಿಸಿ, 10ರಿಂದ 30ರಷ್ಟು ಹೆಚ್ಚಳವೆಂದು ಹೇಳಿದವು. ಸಂತೋಷದ ಸುದ್ದಿಯೇ. ಆದರೆ ನೋಡಿ, ಇದರ ಬುಡದಲ್ಲಿದ್ದದ್ದು ಆ ಸ್ಥಳದ 30 ವರ್ಷದ ಮಳೆಯ ಲೆಕ್ಕ ಮತ್ತು ಮಣ್ಣಿನ ತೇವದ ಶಾಸ್ತ್ರ. ಯಾರೋ ಎಲ್ಲೋ ಒತ್ತಿದ ಮೊಬೈಲಿನ ಗುಂಡಿಯಲ್ಲ. ಮತ್ತೆ, ಒಂದೆರಡು ಹಂಗಾಮಿನ ಫಲದಿಂದ ಪದ್ಧತಿಯ ಯೋಗ್ಯತೆ ತೀರ್ಮಾನವಾಗದು. ಮಳೆ ಮುಂಚಿತವಾಗಿ ಬಂದು ಮುಂಚಿತವಾಗಿ ಹೋಗುವ ವರ್ಷವೂ ಬರಬೇಕು, ಆಗ ತಡೆದವನ ಗತಿ ಏನಾಯಿತೆಂದು ನೋಡಬೇಕು. ವರದಿ ಮಾಡಿದವರೂ ಆ ಕೆಲಸ ನಡೆಸಿದವರೇ.

ನಿಮಗೆ ಅಂಥ ಸಂದೇಶ ಬಂದರೆ ಮೊದಲು ಕಳುಹಿಸಿದವರು ಯಾರು, ಅವರು ಮಾರುವುದೇನು ಎಂದು ವಿಚಾರಿಸಿರಿ. ಹವಾಮಾನದ ಲೆಕ್ಕ ಮಾಡುತ್ತಿದ್ದ ಒಂದು ಅಮೆರಿಕದ ಕಂಪನಿಯನ್ನು ಬೀಜದ ಕಂಪನಿಯಾದ ಮಾನ್ಸಾಂಟೊ 2013ರಲ್ಲಿ ಸುಮಾರು 93 ಕೋಟಿ ಡಾಲರಿಗೆ ಕೊಂಡಿತು. ಬೀಜ ಮಾರುವವರಿಗೆ ಈ ರಾಶಿ ಅಷ್ಟು ಬೆಲೆಯದು. ಬಳಿಕ, ಎರಡು ಎಕರೆ ಇದ್ದರೆ ಒಂದರಲ್ಲಿ ವಾಡಿಕೆಯಂತೆ, ಒಂದರಲ್ಲಿ ಸಂದೇಶದಂತೆ ಬಿತ್ತಿ, ಬೀಜ ಗೊಬ್ಬರ ಎರಡಕ್ಕೂ ಸಮನಾಗಿ ಕೊಟ್ಟು, ಬೇರೆಬೇರೆ ಕಣ ಮಾಡಿ ತೂಗಿರಿ. ತಾರೀಖು, ಮಳೆ, ತೂಕ ಬರೆದಿಡಿ. ಮೂರು ವರ್ಷ ಬರೆದ ಆ ಪುಸ್ತಕ ನಿಮ್ಮ ಹೊಲದ ಬಗ್ಗೆ ಯಾವ ಕಂಪನಿಗೂ ಗೊತ್ತಿಲ್ಲದ್ದನ್ನು ಹೇಳುತ್ತದೆ.

ಗೊಬ್ಬರದ ವಿಚಾರದಲ್ಲಿಯೂ ಇದೇ ಜಾಗ್ರತೆ ಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ದೇಶದಾದ್ಯಂತ 20 ಕೋಟಿಗೂ ಮೇಲ್ಪಟ್ಟು ಕಾರ್ಡುಗಳು ಹಂಚಿಕೆಯಾದವು. ಲೆಕ್ಕ ದೊಡ್ಡದೇ. ಆದರೆ ಮೊದಲ ಸುತ್ತುಗಳಲ್ಲಿ ಮಣ್ಣು ತೆಗೆದದ್ದು ಪ್ರತಿ ಹೊಲದಿಂದಲ್ಲ. ನೀರಾವರಿ ಜಮೀನಿನಲ್ಲಿ 2.5 ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ 10 ಹೆಕ್ಟೇರಿಗೆ, ಎಂದರೆ ಸುಮಾರು 25 ಎಕರೆಗೆ ಒಂದು ಮಾದರಿ. ಆ 25 ಎಕರೆಯಲ್ಲಿ ಕೆಮ್ಮಣ್ಣು, ಮರಳು ಮಣ್ಣು, ಹಟ್ಟಿಗೊಬ್ಬರ ಕಂಡ ಹೊಲ, ಕಾಣದ ಹೊಲ ಎಲ್ಲವೂ ಇರುತ್ತವೆ. ನಿಮ್ಮ ಹೆಸರಿನ ಕಾರ್ಡಿನಲ್ಲಿ ನೆರೆಯವನ ಮಣ್ಣಿನ ಗುಣ ಬರೆದಿರಬಹುದು. ಇಡೀ ತಾಲ್ಲೂಕಿಗೆ ಸತು, ಬೋರಾನ್ ಕೊರತೆ ಎಲ್ಲಿದೆ ಎಂದು ತಿಳಿಯಲು ಅದು ಸಾಕು, ನಿಮ್ಮ ಒಂದೂವರೆ ಎಕರೆಗೆ ಚೀಲ ಎಣಿಸಲು ಸಾಲದು. ನಿಮ್ಮ ಹೊಲದಲ್ಲಿಯೇ ಎಂಟು ಹತ್ತು ಕಡೆ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಮಣ್ಣನ್ನು ಸರ್ವೆ ನಂಬರಿನ ಚೀಟಿಯೊಡನೆ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿರಿ.

ಕೊನೆಯದಾಗಿ, ನಿಮ್ಮ ಸ್ವಂತ ಲೆಕ್ಕ ಆ ರಾಶಿಯಲ್ಲಿ ಹೇಗೆ ಬರೆಯಲ್ಪಟ್ಟಿದೆ ಎಂಬುದು. ನಮ್ಮ ರಾಜ್ಯದಲ್ಲಿ ಪ್ರತಿ ಹಂಗಾಮಿನಲ್ಲಿ ಮೊಬೈಲಿನಿಂದ ಬೆಳೆ ಸಮೀಕ್ಷೆ ನಡೆಯುತ್ತದೆ. ಸರ್ವೆ ನಂಬರು, ಹಿಸ್ಸಾ, ಬೆಳೆ, ವಿಸ್ತೀರ್ಣ, ಚಿತ್ರ ಎಲ್ಲವೂ ಅದರಲ್ಲಿ ಸೇರುತ್ತದೆ. ಬೆಳೆ ಪರಿಹಾರ, ಬೆಂಬಲ ಬೆಲೆಯ ಖರೀದಿ, ವಿಮೆಯ ತಾಳೆ ಎಲ್ಲಕ್ಕೂ ಅದೇ ಆಧಾರ. ನೀವು ವಿಮೆ ಕಟ್ಟಿದ್ದು ತೊಗರಿಗೆ, ಸಮೀಕ್ಷೆಯಲ್ಲಿ ಬರೆದದ್ದು ಹತ್ತಿ ಎಂದಾದರೆ ನಿಮ್ಮ ಅರ್ಜಿ ನಿಂತುಹೋಗುತ್ತದೆ. ಕೋಟಿಗಟ್ಟಲೆ ದಾಖಲೆಯಲ್ಲಿ ಒಂದು ತಪ್ಪು ಸರ್ಕಾರಕ್ಕೆ ಲೆಕ್ಕಕ್ಕಿಲ್ಲ, ನಿಮಗೆ ಅದೇ ಪೂರ್ತಿ ಲೆಕ್ಕ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕಿದವರು ಅವನ್ನೂ ಹೇಳಿ ಬರೆಸಿರಿ. ಸಮೀಕ್ಷೆಯವರು ಬಂದಾಗ ಹೊಲದಲ್ಲಿರಿ, ಇಲ್ಲವೇ ಅವಕಾಶ ಕೊಟ್ಟಾಗ ರೈತರ ಆ್ಯಪಿನಲ್ಲಿ ನೀವೇ ಚಿತ್ರ ತೆಗೆದು ಸೇರಿಸಿರಿ. ಸೇರಿಸಿದ್ದು ಏನೆಂಬುದನ್ನು ‘ಬೆಳೆ ದರ್ಶಕ್’ ಆ್ಯಪಿನಲ್ಲಿ ನೋಡಬಹುದು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಮನೆಯಲ್ಲಿ ಅಂಥ ಫೋನು ಇಲ್ಲದವರು ಓದುವ ಮಕ್ಕಳ ಸಹಾಯ ಪಡೆಯಿರಿ, ಅಥವಾ ಪಹಣಿಯೊಡನೆ ರೈತ ಸಂಪರ್ಕ ಕೇಂದ್ರಕ್ಕೋ ಗ್ರಾಮ ಆಡಳಿತ ಅಧಿಕಾರಿಯ ಬಳಿಗೋ ಹೋಗಿ ನಿಮ್ಮ ಸರ್ವೆ ನಂಬರಿನ ಮುಂದೆ ಯಾವ ಬೆಳೆ ಬರೆದಿದೆ ಎಂದು ಓದಿಸಿಕೊಳ್ಳಿರಿ. ಆಕ್ಷೇಪಣೆಗೆ ಕೊಟ್ಟ ಅವಧಿ ಮುಗಿದ ಮೇಲೆ ತಿದ್ದಿಸುವುದು ಬಹಳ ಪ್ರಯಾಸ.